ನಡುಮನೆಯ ನೀಲಿ ಕುದುರೆ

ನಮ್ಮ ಭಾವನವರನ್ನು ಏನಾದರೂ ತರಲು ಕಳಿಸಿದಾಗ ಅದನ್ನೇ ತಂದರೆಂದು ಯಾರಾದರೂ ಹೇಳಿದರೆ ನಂಬಬೇಡಿ! ನನ್ನ ಯಜಮಾನರ ಈ ಅಣ್ಣ ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದ ವರ್ಷ ಗಿರಣಿಗೆ ಬೆಲ್ಟ್ ತರಲು ಬೆಂಗಳೂರಿಗೆ ಹೋದವರು, ಕಟ್ಟು ಹಾಕಿಸಿದ ದೊಡ್ಡ ಚಿತ್ರವೊಂದನ್ನು ಜಮಖಾನೆಯಲ್ಲಿ ಸುತ್ತಿಕೊಂಡು ಬಂದರು.

ಮನೆಯಲ್ಲಿ ಆಗ ಇದ್ದ ಚಿಂತೆಯೇ ಬೇರೆ. ಅತ್ತೆಯವರ ಕಣ್ಣು ಮಂಜಾಗಿ ಡಾಕ್ಟರು ಕೈಚೆಲ್ಲಿದ್ದರು. ದೇವರನ್ನು ಕಣ್ಣಾರೆ ಕಂಡು, ಪಟಕ್ಕೆ ವಿಭೂತಿ ಹಚ್ಚದೆ ಅವರು ನೀರೂ ಮುಟ್ಟುವವರಲ್ಲ. ಒಂದು ದಿನ ಗೊಬ್ಬರದಂಗಡಿಯ ಕ್ಯಾಲೆಂಡರಿನ ಹೋರಿಗೆ ವಿಭೂತಿ ಹಚ್ಚಿಬಿಟ್ಟರು. ತಿಳಿದ ಮೇಲೆ ದಿನವಿಡೀ ಉಪವಾಸ. ನಂದಿಯ ಕುಲದ್ದೇ ಆಗಿತ್ತಲ್ಲ ಎಂದು ನಾನು ಸಮಾಧಾನಪಟ್ಟೆ, ಅವರು ಪಡಲಿಲ್ಲ.

ಇಂಥ ಹೊತ್ತಿನಲ್ಲಿ ಚಿತ್ರ! ಹೊನ್ನಾಳಿಯ ಬಸ್ಸಿನಲ್ಲಿ ನಡೆದದ್ದಕ್ಕೆ, ಎದುರುಗೊಳ್ಳಲು ಆ ಊರಿನವರೆಗೂ ಹೋಗಿದ್ದ ನಮ್ಮ ಯಜಮಾನರೇ ಸಾಕ್ಷಿ.

"ಯಜಮಾನ್ರೇ, ಅದನ್ನ ಮ್ಯಾಲೆ ಹಾಕ್ರಿ. ಕುರಿನೂ ಮ್ಯಾಲೇ ಹೋಗ್ತಾವೆ," ಎಂದನಂತೆ ಕಂಡಕ್ಟರು ಭಾವನವರಿಗೆ.

"ಕುರಿನ ಮ್ಯೂಸಿಯಂನಾಗೆ ಇಡ್ತಾರೇನಪ್ಪಾ?"

"ಹಂಗಾದ್ರೆ ಅದನ್ನ ಕೂರಿಸ್ರಿ, ನೀವು ನಿಂತ್ಕಳ್ರಿ."

ಭಾವನವರು ನ್ಯಾಮತಿಯವರೆಗೂ ನಿಂತೇ ಬಂದರು.

ಬಿಚ್ಚಿದರೆ ಕೆಂಪು ಗುಡ್ಡ, ಹಳದಿ ಹೊಲ, ನಡುವೆ ಅಚ್ಚ ನೀಲಿ ಕುದುರೆ! ಜರ್ಮನಿಯ ಚಿತ್ರಕಾರನೊಬ್ಬ ತಾತನ ಕಾಲದಲ್ಲೇ ಬರೆದದ್ದಂತೆ. ಕಂಡದ್ದನ್ನಲ್ಲ, ಮನಸ್ಸಿಗೆ ಅನಿಸಿದ್ದನ್ನು ಬರೆಯುವ ಪಂಥವಂತೆ. ಇದು ನಕಲು, ಆದರೆ ಮ್ಯೂಸಿಯಂನವರೂ ತಲೆದೂಗುವ ನಕಲಂತೆ.

"ಕುದುರೆ ನೀಲಿ ಇರ್ತೈತೇನ್ರೀ ಭಾವ?" ಎಂದೆ ನಾನು.

"ಶಿವನ ಕಂಠ ನೀಲಿ ಅಂದ್ರೆ ಕೈ ಮುಗೀತೀಯ. ಕುದುರೆ ಏನು ಪಾಪ ಮಾಡೈತೆ?"

ಒಂದೇ ಕುದುರೆ ತಂದರಲ್ಲ, ಅದೇ ದೇವರ ದಯೆ.

ನಡುಮನೆಯಲ್ಲಿ ಅದು ಎತ್ತರಕ್ಕೆ ಏರಿತು. ನೊಣ ಕೂತರೂ ಭಾವನವರು ಹಳೇ ಬೆಲ್ಟಿನ ಗಿರಣಿ ನಿಲ್ಲಿಸಿ ಓಡಿಬರುವರು. ನಾನು ಒರೆಸಹೋದರೆ, "ಸೆರಗು ತಾಗಿಸಬ್ಯಾಡ, ಗಾಜು ಗೀರ್ತೈತೆ!"

ಒಂದು ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಬಂದವರು ಅದರೆದುರು ನಿಂತರು.

"ಯಾರೋ ನೀಲಿಯಾಗಿ ನಿಂತಾರಲ್ಲೇ... ನೀಲಕಂಠ! ಕಂಡೆನಪ್ಪಾ, ಕಂಡೆ!"

ತುದಿಗಾಲಲ್ಲಿ ನಿಂತು, ನಿಲುಕದೆ ನಿಲುಕದೆ, ಹಸಿ ವಿಭೂತಿಯನ್ನು ಗಾಜಿಗೆ ಬಳಿದರು. ಬಾಗಿಲಲ್ಲಿ ಭಾವನವರು! ನಾನು ಕಣ್ಣು ಮುಚ್ಚಿಕೊಂಡೆ.

"ಅವ್ವಾ..."

"ನಿನಗೂ ಕಾಣ್ತೈತೇನೋ?"

ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು.

"ಕಾಣ್ತೈತವ್ವ."

ಅಂದು ಅತ್ತೆ ಬಿಸಿ ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡರು.

ಮಾರನೆಯ ದಿನ ನಾನು ಕಸ ಗುಡಿಸಲು ಬಂದಾಗ ಚಿತ್ರ ಅತ್ತೆಯವರ ಕೈಗೆ ಎಟಕುವಷ್ಟು ಕೆಳಗಿಳಿದಿತ್ತು. ಗಾಜಿನ ಮೇಲಿನ ವಿಭೂತಿ ಹಾಗೇ ಇತ್ತು. ಮೇಲಿನ ಹಳೆಯ ಮೊಳೆಯ ತೂತಿಗೆ ಯಾರೋ ಗಿರಣಿಯ ಹಿಟ್ಟು ಕಲಸಿ ಮೆತ್ತಿದ್ದರು.