ಫ್ಲೆಮಿಂಗೊಗಳಿಗೆ ನಾನು ಕೊಟ್ಟ ತಾರೀಖು

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಲಾರಿಗಳ ಆಗಮನ-ನಿರ್ಗಮನ ಬರೆದವನು ನಾನು. ಲಾರಿಗಳೇ ನನ್ನ ಮಾತು ಕೇಳುವಾಗ ಹಕ್ಕಿಗಳು ಕೇಳುವುದಿಲ್ಲವೇ? ಹಾಗೆಂದೇ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದೆ: "ಸೆಪ್ಟೆಂಬರ್ ಐದಕ್ಕೆ ಫ್ಲೆಮಿಂಗೊಗಳು ಥಾಣೆ ಖಾಡಿಗೆ ಆಗಮಿಸಲಿವೆ. ಮರು ಭಾನುವಾರ ಬೆಳಿಗ್ಗೆ ಏಳಕ್ಕೆ ದರ್ಶನ. ಮಾರ್ಗದರ್ಶಕ: ನಾನು."

ಆಧಾರವಿಲ್ಲದೆ ಹೇಳಿದ್ದಲ್ಲ. ಫೋನಿನಲ್ಲಿ ಹಳೆಯ ಫೋಟೋ ಇತ್ತು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ತುಂಬ ಗುಲಾಬಿ ಹಕ್ಕಿಗಳು, ಮುಂದೆ ಹಲ್ಲು ಕಿಸಿದ ನಾನು, ಮೂಲೆಯಲ್ಲಿ ತಾರೀಖು: 5/9.

ಖಾಡಿಯ ದಡದ ಕೋಪರಖೈರಣೆಯಲ್ಲಿ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಧಾರವಾಡದ ಶಾಂತಕ್ಕ ಇದ್ದಾರೆ. ನಿವೃತ್ತ ಟೀಚರ್. ಯಾವ ಹಕ್ಕಿ ಎಂದು ಬಂತು, ಎಂದು ಹೋಯಿತು ಎಂದು ಹನ್ನೊಂದು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ.

"ಅಣ್ಣಾರ, ಅವು ದೀಪಾವಳಿ ದಾಟಿದ ಮ್ಯಾಲೆ ಬರ್ತಾವ್ರಿ," ಎಂದರು.

"ನನ್ನ ಹತ್ತಿರ ಪುರಾವೆ ಇದೆ ಶಾಂತಕ್ಕ!"

"ಹಂಗಾದ್ರ ನಾನೂ ಬರ್ತೀನ್ರಿ," ಎಂದು ನಕ್ಕರು.

ಭಾನುವಾರ ಇಪ್ಪತ್ತೆರಡು ಜನ ಸೇರಿದರು. ಡೊಂಬಿವಲಿಯಿಂದ ಒಬ್ಬ ಅಜ್ಜಿ ಊರುಗೋಲು ಹಿಡಿದು, ಎರಡು ಟ್ರೇನು ಬದಲಿಸಿ ಬಂದಿದ್ದರು. ಖಾಡಿಯಲ್ಲಿ ನೀರಿತ್ತು, ಕೆಸರಿತ್ತು. ಹಕ್ಕಿ ಇರಲಿಲ್ಲ.

ನನ್ನ ಬೆವರು ಇಳಿಯುವಷ್ಟರಲ್ಲಿ ದೂರದಲ್ಲಿ ಗುಲಾಬಿ ಬಣ್ಣ ಕಂಡಿತು. "ಅಗೋ!" ಎಂದು ಕೂಗಿದೆ. ಫೋನುಗಳು ಮೇಲೆದ್ದವು. ಅಜ್ಜಿ ಕೈಮುಗಿದರು. ಹತ್ತು ನಿಮಿಷವಾದರೂ ಗುಲಾಬಿ ಅಲುಗಲಿಲ್ಲ. ಆಗ ಒಬ್ಬ ಮೀನುಗಾರ ಬಂದು ಅದನ್ನು ಎತ್ತಿ, ಕೊಡವಿ, ನಾಲ್ಕು ಮಡಿಕೆ ಮಾಡಿ ದೋಣಿಯೊಳಗೆ ಇಟ್ಟ. ಒಣಗಲು ಹಾಕಿದ್ದ ತಾಡಪಾಲು!

"ಅಯ್ಯೋ, ಹಕ್ಕಿಯನ್ನು ಮಡಚಿಬಿಟ್ಟ!" ಎಂದರು ಅಜ್ಜಿ.

ಮಾನ ಉಳಿಸಿಕೊಳ್ಳಲು, "ಹತ್ತಿರ ಹೋಗಿ ಹುಡುಕುತ್ತೇನೆ," ಎಂದು ದಂಡೆ ಇಳಿದೆ. ಮೊದಲ ಹೆಜ್ಜೆಗೆ ಪಾದ ಹೋಯಿತು. ಎರಡನೆಯದಕ್ಕೆ ಮೊಣಕಾಲು. ಮೂರನೆಯದು ಇಡಲಾಗಲಿಲ್ಲ.

"ಕಾಕಾ, ಹಲೂ ನಕಾ!" ಅಲ್ಲಾಡಬೇಡಿ ಎಂದು ಕೂಗುತ್ತ ಅದೇ ಮೀನುಗಾರ ಕೆಸರಿನ ಮೇಲೆ ಹಲಗೆ ಹಾಕಿ ಬಂದ. ಕಂಕುಳಿಗೆ ಕೈಕೊಟ್ಟು ಎಳೆದ. ನಾನು ಬಂದೆ. ಚಪ್ಪಲಿ ಬರಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಸುಮತಿ, ನಾನು ಕೊಟ್ಟುಹೋಗಿದ್ದ ಫೋನಿನಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. "ಇದರಲ್ಲಿ ನಿಮ್ಮ ಕೈಯಲ್ಲಿ ಹಾಪುಸ್ ಮಾವಿನ ಪೆಟ್ಟಿಗೆ ಉಂಟಲ್ಲ! ಸೆಪ್ಟೆಂಬರಲ್ಲಿ ಎಲ್ಲಿಯ ಮಾವು ಮಾರಾಯ್ರೆ?"

ಶಾಂತಕ್ಕ ಇಣುಕಿ ನೋಡಿದರು. "ಫೋನು ತಿಂಗಳು ಮೊದಲು, ತಾರೀಖು ಆಮ್ಯಾಲೆ ಬರದೈತ್ರಿ. ಇದು ಮೇ ಒಂಬತ್ತು. ಅವು ವಾಪಸ್ ಹೊಂಟಾಗ ತಗದ ಫೋಟೋ!"

ಬೀಳ್ಕೊಡುಗೆಯ ತಾರೀಖು ನಂಬಿ ಸ್ವಾಗತ ಸಮಿತಿ ಕರೆತಂದಿದ್ದೆ! ಇಪ್ಪತ್ತೆರಡು ಜನ ನನ್ನನ್ನೇ ನೋಡಿದರು.

"ಶ್... ಅಲ್ಲಿ ನೋಡ್ರಿ," ಎಂದರು ಶಾಂತಕ್ಕ ಮೆಲ್ಲಗೆ. ಮೀನುಗಾರನ ಹಲಗೆಯ ಮೇಲೆ ಒಂದು ಪುಟ್ಟ ಹಕ್ಕಿ ಬಾಲ ಕುಣಿಸುತ್ತ ಓಡಾಡುತ್ತಿತ್ತು. "ಸಿಪಿಲೆ. ಈ ವರ್ಷದ ಮೊದಲ್ನೇದು. ಹಿಮಾಲಯದ ಕಡಿಂದ ಬಂದೈತ್ರಿ."

ನಿಂಬೆಹಣ್ಣಿನಷ್ಟೂ ಭಾರವಿರದ ಜೀವ. ನಕ್ಷೆಯಿಲ್ಲ, ಟಿಕೆಟ್ಟಿಲ್ಲ, ದಾರಿ ತೋರಿಸಲು ನನ್ನಂಥವನೂ ಇಲ್ಲ. ಅದಕ್ಕೇ ಸರಿಯಾಗಿ ಬಂದು ತಲುಪಿದೆ! ಅಜ್ಜಿ ಊರುಗೋಲಿಗೆ ಒರಗಿ, "ಅಷ್ಟು ದೂರದಿಂದ ಬಂದೂ ಸುಸ್ತಿಲ್ಲ ನೋಡಿ," ಎಂದು ಪಿಸುಗುಟ್ಟಿದರು. ಶಾಂತಕ್ಕ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಹನ್ನೊಂದು ವರ್ಷ ನೋಡಿದ ಮೇಲೂ ಅಷ್ಟು ಸಂಭ್ರಮ! ಕೆಸರು ಮೆತ್ತಿದ ಕಾಲಲ್ಲೇ ನಿಂತು ನಾನು ಹಕ್ಕಿಯನ್ನೂ ನೋಡಿದೆ, ಅವರನ್ನೂ ನೋಡಿದೆ.

ದೀಪಾವಳಿ ಕಳೆದು ಕೆಲವು ವಾರಕ್ಕೆ ಶಾಂತಕ್ಕನಿಂದ ಕರೆ ಬಂತು. ಎಲ್ಲರೂ ಮತ್ತೆ ಹೋದೆವು. ಖಾಡಿಗೆ ಖಾಡಿಯೇ ಗುಲಾಬಿಯಾಗಿತ್ತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನ ಗಂಭೀರ ಮುಖ ಕಂಡು ಕೇಳಿದರು: "ಸರ್, ಇವು ವಾಪಸ್ ಯಾವಾಗ ಹೋಗ್ತವೆ?"

ನಾನು ಗಂಟಲು ಸರಿಮಾಡಿಕೊಂಡೆ. ಸುಮತಿ ನನ್ನ ಕಾಲು ತುಳಿದಳು.

"ನಾನೂ ಇಲ್ಲಿಗೆ ಹೊಸಬ," ಎಂದೆ.