ಬಂದೂಕಿನ ಬಾಯಿಗೆ ಹೂರಣ

ಇಷ್ಟೆಲ್ಲ ಆದದ್ದು ಒಂದು ಚಮಚ ಹೂರಣದಿಂದ.

ಅಕ್ಟೋಬರ್ ತಿಂಗಳ ಆ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವೀರಣ್ಣ ಗ್ರೋಸರಿ ಚೀಲಗಳನ್ನು ಎದೆಗವಚಿಕೊಂಡು ಹೇವರ್ಡಿನ ತನ್ನ ಅಪಾರ್ಟ್‌ಮೆಂಟಿನ ಬಾಗಿಲನ್ನು ಮೊಣಕೈಯಿಂದ ತಳ್ಳಿದ. ಊದುಬತ್ತಿಯ ಹೊಗೆ ಮುಖಕ್ಕೆ ಬಡಿಯಿತು. ಗದಗಿನಿಂದ ಬಂದು ಎರಡು ತಿಂಗಳಾಗಿದ್ದ ಅವನ ತಾಯಿ ಬಂಗಾರೆವ್ವ ಆಯುಧಪೂಜೆ ದಿನದ ಖಂಡೆ ಪೂಜೆ ಮುಗಿಸಿ ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಮುಂದೆ ಕಾಫಿ ಟೇಬಲ್ಲಿನ ಮೇಲೆ ಮನೆಯ ಕಬ್ಬಿಣವೆಲ್ಲ ಬಂದು ಕೂತಿತ್ತು. ಸ್ಕ್ರೂಡ್ರೈವರು, ಇಕ್ಕಳ, ಸುತ್ತಿಗೆ, ಕತ್ತರಿ, ಕುಕ್ಕರು, ವ್ಯಾಕ್ಯೂಮ್ ಕ್ಲೀನರು, ಡಾಟ್ಸನ್ ಕಾರಿನ ಇನ್ನೊಂದು ಕೀಲಿ. ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂ. ನಡುವೆ, ದಿಬ್ಬಣದ ಮಧ್ಯೆ ಒರಗಿ ಕೂತ ಮದುಮಗನ ಹಾಗೆ, ಉದ್ದನೆಯ ಒಂದು ಬಂದೂಕು.

ವೀರಣ್ಣನ ಕೈಯಿಂದ ಬದನೆಕಾಯಿ ಚೀಲ ಜಾರಿ ಬಿತ್ತು.

"ಯವ್ವಾ! ಇದನ್ನ ಯಾಕ ಹೊರಗ ತಗದಿ?"

"ಕಪಾಟಿನ್ಯಾಗ ಅರಿವಿ ಹಿಂದ ಇತ್ತಪ್ಪ. ಆಯುಧ ಅಂದ್ರ ಇದ ಖರೇ ಆಯುಧ ನೋಡು. ಸ್ಕ್ರೂಡ್ರೈವರಿಗೆ ಪೂಜಿ ಮಾಡಿ ಇದನ್ನ ಕತ್ತಲ್ಯಾಗ ಕುಂದರಿಸಿದ್ರ ದೇವರು ಮೆಚ್ಚತಾನೇನು?"

ವೀರಣ್ಣ ಹತ್ತಿರ ಹೋಗಿ ಬಗ್ಗಿ ನೋಡಿದ. ನಳಿಗೆಯ ತುದಿಯಲ್ಲಿ ಹಳದಿಯಾಗಿ ಏನೋ ಮೆತ್ತಿಕೊಂಡಿತ್ತು. ಏಲಕ್ಕಿಯ ವಾಸನೆ.

"ಇದೇನಿದು?"

"ಹೂರಣ. ಎಲ್ಲಾದಕ್ಕೂ ಎಡಿ ಹಿಡಿದೆ. ಇದಕ್ಕ ಬಾಯಿನ ಐತಲ್ಲೋ ತಮ್ಮಾ, ಬಾಯಿ ಇದ್ದದ್ದಕ್ಕ ಉಣಸದ ಹೆಂಗ ಬಿಡ್ಲಿ? ಊದಬತ್ತಿ ಕಡ್ಡೀಲೆ ನೂಕಿ, ಒಂದು ಚಮಚ ಪೂರ್ತಿ ಉಣಿಸೀನಿ. ಮ್ಯಾಲ ಸ್ವಲ್ಪ ತುಪ್ಪ."

ವೀರಣ್ಣ ಸೋಫಾದ ಮೇಲೆ ಕುಸಿದ.

ಬಂದೂಕು ಅವನದಲ್ಲ. ಇರುವೆ ಕಂಡರೂ ಕಾಲು ಎತ್ತಿ ಇಡುವ ವೀರಣ್ಣನಿಗೆ ಬಂದೂಕು ಯಾಕೆ? ಅದು ಅವನ ಬಾಸು ಕ್ಲೈಡ್ ಹಾರ್ಪರನದು. ಹಾರ್ಪರನ ಮನೆಗೆ ಗೆದ್ದಲು ಹಿಡಿದು, ಇಡೀ ಮನೆಗೆ ಸರ್ಕಸ್ಸಿನಂಥ ಡೇರೆ ಹೊದಿಸಿ ಒಳಗೆ ವಿಷದ ಹೊಗೆ ಹಾಕಿದ್ದರು. ಮೂರು ದಿನ ಮನೆಯವರೆಲ್ಲ ಮೋಟೆಲ್ಲಿನಲ್ಲಿ. "ಇದನ್ನು ನಂಬಿ ಬಿಡಬಹುದಾದ ಮನುಷ್ಯ ಈ ಫ್ಯಾಕ್ಟರಿಯಲ್ಲಿ ನೀನೊಬ್ಬನೇ, ವೀರ್. ನೀನು ಮೊಟ್ಟೆಯನ್ನು ಕೂಡ ಒಡೆಯುವುದಿಲ್ಲ," ಎಂದು ಶುಕ್ರವಾರ ಪೆಟ್ಟಿಗೆ ಸಮೇತ ಕೈಗಿತ್ತಿದ್ದ. ಇಂದು ಸಂಜೆ ಐದಕ್ಕೆ ಬಂದು ತೆಗೆದುಕೊಂಡು, ಅಲ್ಲಿಂದಲೇ ಉತ್ತರದ ಕಾಡಿಗೆ ಜಿಂಕೆ ಬೇಟೆಗೆ ಎರಡು ವಾರ ಹೊರಡುವವನಿದ್ದ.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಹಾರ್ಪರನ ಕೋಟಿನ ಜೇಬಿನಲ್ಲಿ ಒಂದು ಕಾಗದವಿತ್ತು. ಪಂಪಿನ ಬಿಡಿಭಾಗ ಮಾಡುವ ಆ ಫ್ಯಾಕ್ಟರಿಯಿಂದ ವರ್ಷಕ್ಕೆ ಒಬ್ಬನೇ ಒಬ್ಬನ ಗ್ರೀನ್ ಕಾರ್ಡಿಗೆ ಹೆಡ್ಡಾಫೀಸು ಒಪ್ಪಿಗೆ ಕೊಡುತ್ತಿತ್ತು. ಈ ವರ್ಷದ ಕಾಗದ ಬಂದಿದೆ, ಹೆಸರು ತುಂಬಿ ಸಹಿ ಹಾಕುವುದೊಂದೇ ಬಾಕಿ, ಭಾನುವಾರ ಬಂದಾಗ ಮುಗಿಸೋಣ ಎಂದಿದ್ದ. ಅಜ್ಜಿ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತದಲ್ಲ, ಹಾಗೆ ಆರು ವರ್ಷದಿಂದ ಡ್ರಾಯಿಂಗ್ ಬೋರ್ಡಿಗೆ ಬೆನ್ನು ಬಗ್ಗಿಸಿದ ವೀರಣ್ಣನ ಪ್ರಾಣ ಹಾರ್ಪರನ ಪೆನ್ನಿನೊಳಗಿತ್ತು.

"ಬಿಚ್ಚಿ ಸ್ವಚ್ಛ ಮಾಡೂಣು," ಎಂದಳು ಹೆಂಡತಿ ವಿಮಲಾ. ಪೆಟ್ಟಿಗೆಯಲ್ಲಿ ಎಣ್ಣೆಯ ಸೀಸೆ, ತಂತಿಬ್ರಷ್ಷು ಸಿಕ್ಕಿಸಿದ ಉದ್ದನೆ ಸಲಾಕೆ, ಚಿತ್ರಗಳಿದ್ದ ತೆಳ್ಳನೆಯ ಪುಸ್ತಕ ಎಲ್ಲ ಇದ್ದವು. ವೀರಣ್ಣ ಸ್ಕ್ರೂಡ್ರೈವರಿಗೆ ಕೈ ಹಾಕಿದ.

"ಮುಟ್ಟಬ್ಯಾಡ!" ಬಂಗಾರೆವ್ವ ಅಡ್ಡ ನಿಂತಳು. "ಪೂಜಿಗೆ ಕುಂತ ಸಾಮಾನು ನಾಳಿ ಮುಂಜಾನಿ ತನಕ ಎತ್ತಂಗಿಲ್ಲ. ಇವತ್ತು ಅವಕ್ಕ ಸೂಟಿ."

"ಯವ್ವಾ, ನನ್ನ ಜೀವನದ ಪ್ರಶ್ನೆ ಐತಿ!"

"ಅದಕ್ಕ ಮುಟ್ಟಬ್ಯಾಡ ಅನ್ನಾಕತ್ತೀನಿ. ನಿಮ್ಮಪ್ಪ ಒಮ್ಮೆ ಖಂಡೆ ಪೂಜಿ ದಿನ ಕೊಡ್ಲಿ ಎತ್ತಿ ಹೆಬ್ಬೆಟ್ಟು ಕಳಕೊಂಡ."

ವಿಮಲಾ ಮೆಲ್ಲಗೆ ಹೇಳಿದಳು: "ಅತ್ತಿ, ಸ್ಕ್ರೂಡ್ರೈವರು ನಮ್ಮದು, ಖರೆ. ಬಂದೂಕು ಬ್ಯಾರೆಯವರ್ದಲ್ಲ? ಅವರ ಆಯುಧಕ್ಕ ಸೂಟಿ ಕೊಡೂದು ಅವರ ಕೆಲಸ."

ಬಂಗಾರೆವ್ವ ಸ್ವಲ್ಪ ಯೋಚಿಸಿ ಬಂದೂಕನ್ನು ಬಿಟ್ಟುಕೊಟ್ಟಳು. ಸ್ಕ್ರೂಡ್ರೈವರನ್ನು ಬಿಟ್ಟುಕೊಡಲಿಲ್ಲ.

ವೀರಣ್ಣ ಮೇಲಿನ ಮಹಡಿಯ ಶಿವರಾಮುವಿಗೆ ಫೋನು ಮಾಡಿದ. ಶಿವರಾಮು ಮಂಡ್ಯದವನು. ಎಲ್ಲ ವಿಷಯವೂ ಗೊತ್ತಿದ್ದವನು. ಸ್ಕ್ರೂಡ್ರೈವರು ಕೇಳಿದರೆ ಅವನ ಮನೆಯಲ್ಲೂ ಅದೇ ಕತೆ: "ಪೂಜೆಗಿಟ್ಬಿಟ್ಟವ್ಳೆ ಕಣ್ರೀ ನಮ್ಮೋಳು. ಈಗ ತೆಗದ್ರೆ ನನ್ನೇ ಬಲಿ ಕೊಡ್ತಾಳೆ." ಆ ದಿನ ಹೇವರ್ಡಿನಿಂದ ಸ್ಯಾನ್ ಹೊಸೆಯವರೆಗೆ ಕನ್ನಡಿಗರ ಮನೆಯ ಒಂದೇ ಒಂದು ಇಕ್ಕಳವೂ ಕೆಲಸಕ್ಕಿರಲಿಲ್ಲ. ಆದರೆ ವಿಷಯ ಏನೆಂದು ಕೇಳಿದ್ದೇ ತಡ, ಶಿವರಾಮು ಎರಡೆರಡು ಮೆಟ್ಟಿಲು ಹಾರಿ ಬಂದ. ಬರುವಾಗ ತನ್ನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಜಯಕರನನ್ನೂ ಎಳೆದು ತಂದ. ಜಯಕರ ಉಡುಪಿಯ ಹುಡುಗ. ಇಲ್ಲಿನ ಯೂನಿವರ್ಸಿಟಿಯಲ್ಲಿ ಓದು ಮುಗಿಸಿ, ಕೆಲಸ ಹುಡುಕಿ ಚಪ್ಪಲಿ ಸವೆಸಿದ್ದ. ಡಿಸೆಂಬರಿಗೆ ವೀಸಾ ಮುಗಿಯುತ್ತಿತ್ತು. ಮಾತು ಕಡಿಮೆ.

"ಎಲ್ಲರೂ ಗೋಡೆ ಪಕ್ಕ ಹೋಗಿ!" ಶಿವರಾಮು ಗರ್ಜಿಸಿದ. "ಫಸ್ಟು ಲೋಡಾಗಿದ್ಯಾ ನೋಡ್ಬೇಕು. ನಾನು ಎನ್‌ಸಿಸಿಲಿ ಬಿ ಸರ್ಟಿಫಿಕೇಟು ಮಾಡಿರೋನು."

ಬಂಗಾರೆವ್ವ ಡೈನಿಂಗ್ ಟೇಬಲ್ಲಿನ ಕೆಳಗೆ ಹೋದಳು. ವಿಮಲಾ ಫ್ರಿಜ್ಜಿನ ಹಿಂದೆ. ವೀರಣ್ಣ ಕಣ್ಣು ಮುಚ್ಚಿದ. ಶಿವರಾಮು ಎನ್‌ಸಿಸಿಯಲ್ಲಿ ಕಲಿತಂತೆ ಪಕ್ಕದ ಹಿಡಿಯನ್ನು ಮೇಲೆತ್ತಲು ನೋಡಿದ. ಅದು ಏಳಲಿಲ್ಲ. ಇದು ಒಂದು ಗುಂಡು ಹಾರಿದ ಮೇಲೆ ತಾನೇ ಇನ್ನೊಂದನ್ನು ಒಳಗೆ ಎಳೆದುಕೊಳ್ಳುವ ಸೆಮಿ ಆಟೋಮ್ಯಾಟಿಕ್ ಜಾತಿ. ಸಿಟ್ಟಿನಿಂದ ಹಿಂದಕ್ಕೆ ಎಳೆದ. ಒಳಗೆ ಖಾಲಿ. "ನೋಡಿ, ಸೇಫು," ಎಂದು ಬೆರಳಿಟ್ಟು ತೋರಿಸುವಷ್ಟರಲ್ಲಿ ಹಿಡಿ ಮೊಸಳೆಯ ದವಡೆಯಂತೆ ಫಟ್ಟನೆ ಮುಚ್ಚಿಕೊಂಡಿತು.

"ಅಯ್ಯಯ್ಯೋ, ಬೆರಳು! ಬೆರಳು!"

"ಹೇಳಿದ್ನಿಲ್ಲ?" ಎಂದಿತು ಟೇಬಲ್ಲಿನ ಕೆಳಗಿನ ಧ್ವನಿ.

ಹೆಬ್ಬೆರಳಿಗೆ ಐಸು ಕಟ್ಟಿಸಿಕೊಂಡು ಶಿವರಾಮು ಸೋಫಾದಲ್ಲಿ ಕೂತು ಹೋಳಿಗೆ ತಿನ್ನುತ್ತ ಆಜ್ಞೆ ಕೊಡಲು ಶುರು ಮಾಡಿದ. ವಿಮಲಾ ಪುಸ್ತಕ ಓದಿದಳು. ವೀರಣ್ಣ ಕ್ವಾರ್ಟರ್ ನಾಣ್ಯದಿಂದ ಸ್ಕ್ರೂ ತಿರುಗಿಸಿದ, ವಿಮಲಾಳ ಹೇರ್‌ಪಿನ್ನಿನಿಂದ ಮೊಳೆ ನೂಕಿದ. ಮರದ ಹಿಡಿ ಒಂದು ಕಡೆ, ನಳಿಗೆ ಒಂದು ಕಡೆ, ಸ್ಪ್ರಿಂಗು ಇನ್ನೊಂದು ಕಡೆ. ಒಂದೊಂದು ತುಂಡು ಹೊರಗೆ ಬಂದಾಗಲೂ ಅವನಿಗೆ ತನ್ನದೇ ಒಂದೊಂದು ಎಲುಬು ಕಳಚಿದಂತಾಗುತ್ತಿತ್ತು. ವಿಭೂತಿ ಎಣ್ಣೆಯಲ್ಲಿ ಕಲಸಿ ಸಿಮೆಂಟಿನ ಹಾಗಾಗಿತ್ತು. ಕತ್ತರಿ ಪೂಜೆಯಲ್ಲಿದ್ದುದರಿಂದ ವಿಮಲಾ ಗಂಡನ ಬನಿಯನ್ನನ್ನು ಹಲ್ಲಿನಿಂದಲೇ ಹರಿದು ತುಂಡು ತುಂಡು ಕೊಟ್ಟಳು. ಸಲಾಕೆಯನ್ನು ಹಿಂದಿನಿಂದ ತೂರಿಸಿ ನೂಕಿದಾಗ ನಳಿಗೆಯ ಬಾಯಿಂದ ಹೂರಣ ಬೆರಳುದ್ದಕ್ಕೆ, ಚಕ್ಕುಲಿ ಒರಳಿನಿಂದ ಬಂದಂತೆ, ನಿಧಾನವಾಗಿ ಹೊರಬಂದು ಕಾರ್ಪೆಟ್ಟಿನ ಮೇಲೆ ಬಿತ್ತು.

"ಪ್ರಸಾದ! ತುಳೀಬ್ಯಾಡ್ರಿ!"

ಮಧ್ಯಾಹ್ನ ಎರಡೂವರೆಗೆ ಎಲ್ಲ ತುಂಡುಗಳೂ ಹೊಳೆಯುತ್ತ ಸಾಲಾಗಿ ಮಲಗಿದ್ದವು. ವೀರಣ್ಣ ಬೆಳಿಗ್ಗೆಯಿಂದ ಮೊದಲ ಸಲ ನೀರು ಕುಡಿದ. ವಿಮಲಾ ಚಿತ್ರಕ್ಕೂ ನೆಲಕ್ಕೂ ಬೆರಳು ಓಡಿಸಿ ಎಣಿಸುತ್ತಿದ್ದಳು. ಬೆರಳು ಒಂದು ಕಡೆ ನಿಂತಿತು.

"ರೀ... ಇಪ್ಪತ್ಮೂರು ಎಲ್ಲಿ?"

"ಏನದು?"

"ಸಣ್ಣ ಕಡ್ಡಿ ಇದ್ದಂಗ ಐತಿ. ಗುಂಡಿನ ಹಿಂದ ಕುಟ್ಟೂದು ಇದ ಅಂತ. ಇದಿಲ್ಲಂದ್ರ ಬಂದೂಕು ಹಾರಂಗಿಲ್ಲಂತ."

ಅಪಾರ್ಟ್‌ಮೆಂಟಿನ ಕಾರ್ಪೆಟ್ಟು ಕರಡಿಯ ಬೆನ್ನಿನಂಥದು. ಅದರೊಳಗೆ ಹಿಂದಿನ ಬಾಡಿಗೆದಾರರ ಕಾಲದ ಗುಂಡಿ, ಪೆನ್ನಿನ ಕ್ಯಾಪು ಸಿಕ್ಕವು, ಇಪ್ಪತ್ಮೂರು ಸಿಗಲಿಲ್ಲ. ಐದು ಜನ ಅಂಬೆಗಾಲಿಟ್ಟು ಮನೆಯೆಲ್ಲ ಬಾಚಿದರು. ಪೂಜೆಯ ನೀರು ಸುರಿದ ಗುಲಾಬಿ ಕುಂಡವನ್ನು ಬುಡಮೇಲು ಮಾಡಿದರು. ಕಸದ ಚೀಲ ಬಚ್ಚಲಿಗೆ ಸುರಿದರು. ಕೊನೆಗೆ ಎಲ್ಲರ ಕಣ್ಣೂ ಒಂದೊಂದಾಗಿ ಶಿವರಾಮುವಿನ ಹೊಟ್ಟೆಯ ಮೇಲೆ ನಿಂತವು.

"ಏನ್ರೀ ಹಂಗ್ ನೋಡ್ತೀರಾ?"

"ತುಂಡುಗಳ ಪಕ್ಕದಾಗ ಕುಂತ ಆರು ಹೋಳಿಗಿ ತಿಂದ್ರಿ," ಎಂದ ವೀರಣ್ಣ. "ಒಂದ್ರಾಗ ಏನೋ ಗಟ್ಟಿ ಸಿಕ್ತು ಅಂದ್ರಿ."

"ಅದು ಏಲಕ್ಕಿ ಸಿಪ್ಪೆ ಅಂದ್ಕಂಡು ನುಂಗ್ದೆ..." ಶಿವರಾಮು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಿಳಿಚಿಕೊಂಡ. ಆಮೇಲೆ ಯಾರ ಮಾತಿಗೂ ಕಾಯದೆ, ತುಂಬಿದ ಕೊಡ ಹೊತ್ತವನ ಹಾಗೆ ನಿಧಾನವಾಗಿ ಮೆಟ್ಟಿಲು ಹತ್ತಿ ಮನೆಗೆ ಹೋದ.

ಗಂಟೆ ಮೂರೂವರೆ. ವೀರಣ್ಣ ತಲೆಯ ಮೇಲೆ ಕೈ ಹೊತ್ತ. "ಮುಗೀತು. ಗದಗಕ್ಕ ಟಿಕೆಟ್ ತಗಸೂಣು."

ಆಗ ಜಯಕರ ಬಾಯಿ ತೆರೆದ. "ವೀರಣ್ಣ, ನಿಮ್ಮಲ್ಲಿ ಸ್ವೆಟರ್ ಹೆಣೆಯುವ ಕಡ್ಡಿ ಉಂಟಾ? ಸ್ಟೀಲಿನದ್ದು?"

"ಯಾಕ?"

"ನನ್ನ ತಂದೆಯದ್ದು ಉಡುಪಿಯಲ್ಲಿ ಗಡಿಯಾರ ರಿಪೇರಿ ಮಾರಾಯ್ರೆ. ಪಾರ್ಟು ಸಿಗದಿದ್ರೆ ನಾವೇ ಮಾಡಿಕೊಳ್ಳುವುದು."

ಹೆಣಿಗೆಯ ಕಡ್ಡಿ ಪೂಜೆಗೆ ಕೂತಿರಲಿಲ್ಲ. ವಿಮಲಾಳ ಉಗುರು ತಿಕ್ಕುವ ಅರವೂ ಕೂತಿರಲಿಲ್ಲ. ಜಯಕರ ಇಪ್ಪತ್ಮೂರು ಕೂರಬೇಕಾದ ತೂತಿನೊಳಗೆ ಒಂದು ಶಾವಿಗೆ ಇಳಿಸಿ ಆಳ ಅಳೆದ. ಕಿಟಕಿಯ ಬೆಳಕಿಗೆ ಕೂತು ತಿಕ್ಕತೊಡಗಿದ. ಕಿರ್ರ್, ಕಿರ್ರ್. ನಾಲ್ಕು ಗಂಟೆ. ಕಿರ್ರ್. ನಾಲ್ಕೂ ಕಾಲು. ಕೂದಲೆಳೆಯಷ್ಟು ತಿಕ್ಕುವುದು, ಇಳಿಸಿ ನೋಡುವುದು, ಮತ್ತೆ ತಿಕ್ಕುವುದು. ಕೊನೆಗೆ ಕಡ್ಡಿ ತೂತಿನೊಳಗೆ ಒರೆಯೊಳಗೆ ಕತ್ತಿ ಹೋದಂತೆ ಸದ್ದಿಲ್ಲದೆ ಇಳಿಯಿತು.

"ಆದ್ರೆ ಇದರಿಂದ ಗುಂಡು ಹೊಡೀಲಿಕ್ಕೆ ಬಿಡ್ಬೇಡಿ. ಏನು ಆಗ್ತದೆ ಅಂತ ನನಗೂ ಗೊತ್ತಿಲ್ಲ," ಎಂದ ಜಯಕರ.

"ಸಹಿ ಆದ ಕೂಡಲೇ ಖರೇ ಹೇಳಿಬಿಡ್ತೀನಿ," ಎಂದ ವೀರಣ್ಣ. "ಮೊದಲ ಸಹಿ. ಆಮ್ಯಾಲ ಕಾಲು ಹಿಡೀತೀನಿ."

ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದುತ್ತ ಎಲ್ಲ ತುಂಡುಗಳನ್ನೂ ಜೋಡಿಸಿದರು. ಕೊನೆಯ ಸ್ಕ್ರೂ ಬಿಗಿದು ಪೆಟ್ಟಿಗೆ ಮುಚ್ಚಿದಾಗ ನಾಲ್ಕು ಐವತ್ತು. ನಾಲ್ಕು ಐವತ್ತೆರಡಕ್ಕೆ ಬಾಗಿಲು ಬಡಿದ ಸದ್ದು.

ಹಾರ್ಪರ್ ಒಳಗೆ ಬಂದಾಗ ಇಡೀ ಕೋಣೆ ಸಣ್ಣದಾಯಿತು. ಜೇಬಿನಿಂದ ಕಾಗದ ತೆಗೆದು ಟೇಬಲ್ಲಿನ ಮೇಲೆ, ವಿಭೂತಿ ಬಳಿದ ಕುಕ್ಕರಿನ ಪಕ್ಕ ಇಟ್ಟ. ಪೆನ್ನಿನ ಕ್ಯಾಪು ತೆಗೆದ.

"ಮೊದಲು ನನ್ನ ಹುಡುಗಿಯನ್ನು ನೋಡೋಣ," ಎಂದು ಹಾರ್ಪರ್ ಕ್ಯಾಪು ಮತ್ತೆ ಹಾಕಿ ಪೆಟ್ಟಿಗೆ ತೆರೆದ. ಶಿಳ್ಳೆ ಹಾಕಿದ. "ಕೊಂಡ ದಿನವೂ ಇದು ಹೀಗೆ ಹೊಳೆದಿರಲಿಲ್ಲ! ಕ್ಲೀನ್ ಮಾಡಿದೆಯಾ?"

"ಹೌದು ಸರ್. ನಮ್ಮಲ್ಲಿ ಇವತ್ತು ಹಬ್ಬ," ಎಂದ ವೀರಣ್ಣ.

"ಒಳ್ಳೆಯ ಹಬ್ಬ. ಸರಿ, ಇನ್ನು ಇವಳ ಹಲ್ಲು ಇವಳಿಗೆ ಕೊಡೋಣ," ಎಂದು ಹಾರ್ಪರ್ ಪ್ಯಾಂಟಿನ ಜೇಬಿನಿಂದ ಕೀಲಿಗೊಂಚಲು ತೆಗೆದ. ಕಾರಿನ ಕೀಲಿ, ಮನೆಯ ಕೀಲಿಗಳ ನಡುವೆ ಸಣ್ಣ ಚರ್ಮದ ಚೀಲ. ಅದರೊಳಗಿಂದ ಒಂದು ಪುಟ್ಟ ಉಕ್ಕಿನ ಕಡ್ಡಿ. "ಬೇರೆಯವರ ಮನೆಯಲ್ಲಿ ಬಿಡುವಾಗ ನಾನು ಇದನ್ನು ಯಾವಾಗಲೂ ತೆಗೆದಿಟ್ಟುಕೊಳ್ಳುತ್ತೇನೆ. ಅಪಾಯ ಆಗಬಾರದು ನೋಡು."

ಇಪ್ಪತ್ಮೂರು! ಗಿಳಿ ಇದ್ದದ್ದು ಅಲ್ಲಿ.

ವಿಮಲಾ ಸೆರಗು ಬಾಯಿಗಿಟ್ಟುಕೊಂಡಳು. ಹಾರ್ಪರನ ದಪ್ಪ ಬೆರಳುಗಳು ಚಕಚಕನೆ ಬಂದೂಕು ಬಿಚ್ಚಿದವು. ನಿಂತವು. ಒಳಗಿಂದ ಇನ್ನೊಂದು ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿದ. ಹೆಣಿಗೆಯ ಕಡ್ಡಿಯ ಹಸಿರು ಬಣ್ಣ ಒಂದು ಮೂಲೆಯಲ್ಲಿ ಇನ್ನೂ ಉಳಿದಿತ್ತು.

"ಇದೇನು, ವೀರ್?" ಧ್ವನಿ ತಣ್ಣಗಿತ್ತು. "ನನ್ನ ಬಂದೂಕಿನೊಳಗೆ ಇದನ್ನು ಯಾರು ಹಾಕಿದ್ದು?"

ಒಂದು ಕ್ಷಣ. ಆ ಒಂದು ಕ್ಷಣದಲ್ಲಿ ಆರು ವರ್ಷ ಕಣ್ಣ ಮುಂದೆ ಸರಿದುಹೋಯಿತು. ವೀರಣ್ಣನ ತೋಳು ತಾನಾಗಿಯೇ ಮೇಲೆದ್ದು, ಬೆರಳು ಚಾಚಿ, ಜಯಕರನ ಕಡೆ ತಿರುಗಿತು.

"ಅವನು ಸರ್! ಎಲ್ಲ ಅವನೇ ಮಾಡಿದ್ದು. ನನಗೇನೂ ಗೊತ್ತಿಲ್ಲ. ಕಡ್ಡಿ ಅವನದೇ, ತಿಕ್ಕಿದ್ದು ಅವನೇ, ಹಾಕಿದ್ದು ಅವನೇ. ನನ್ನ ಕೈ ಇದರಲ್ಲಿ ಇಲ್ಲವೇ ಇಲ್ಲ!"

ಜಯಕರ ತಲೆ ತಗ್ಗಿಸಿದ. ಹಾರ್ಪರ್ ಕೆಳಗೆ ತನ್ನ ಟ್ರಕ್ಕಿಗೆ ಹೋಗಿ ಅಳತೆಯ ಕ್ಯಾಲಿಪರು ತಂದ. ಎರಡೂ ಕಡ್ಡಿಗಳನ್ನು ಅಳೆದ. ಮತ್ತೊಮ್ಮೆ ಅಳೆದ.

"ಕೂದಲೆಳೆ ವ್ಯತ್ಯಾಸವಿಲ್ಲ," ಎಂದ ಪಿಸುದನಿಯಲ್ಲಿ. "ಯಾವ ಮಷೀನಿನಲ್ಲಿ ಮಾಡಿದೆ ಮಗೂ?"

ಜಯಕರ ಉಗುರಿನ ಅರ ತೋರಿಸಿದ.

ಹಾರ್ಪರ್ ಕುರ್ಚಿ ಎಳೆದು ಕೂತ. "ಚಿತ್ರ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಇಂಥ ಕೈಯನ್ನು ನಾನು ಹತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಕೆಲಸ ಇದೆಯಾ ನಿನಗೆ? ಪೇಪರ್ಸ್ ಇದೆಯಾ?" ಎನ್ನುತ್ತಲೇ ಕಾಗದ ಎಳೆದುಕೊಂಡು ಪೆನ್ನಿನ ಕ್ಯಾಪು ತೆಗೆದ. "ನಿನ್ನ ಪೂರ್ತಿ ಹೆಸರಿನ ಸ್ಪೆಲ್ಲಿಂಗು ಹೇಳು."

ಜಯಕರ ವೀರಣ್ಣನ ಮುಖ ನೋಡಿದ. ವೀರಣ್ಣ ಕುಕ್ಕರಿನ ಮುಖ ನೋಡುತ್ತಿದ್ದ.

"ಸರ್," ಎಂದ ವೀರಣ್ಣ ಕ್ಷೀಣವಾಗಿ, "ಬನಿಯನ್ನು ನನ್ನದು ಸರ್..."

"ನಿನ್ನನ್ನು ಮರೆತಿಲ್ಲ, ವೀರ್. ಮುಂದಿನ ವರ್ಷದ್ದು ನಿನಗೇ," ಎಂದು ಹಾರ್ಪರ್ ಸಹಿ ಎಳೆದು, ಅವನ ಬೆನ್ನು ತಟ್ಟಿದ. "ಅಂದಹಾಗೆ, ಟ್ರಕ್ಕಿನಲ್ಲಿ ಇನ್ನೂ ಎರಡು ಬಂದೂಕುಗಳಿವೆ. ಎರಡು ವಾರ ನಿನ್ನ ಹತ್ತಿರವೇ ಇರಲಿ. ನಿನ್ನಷ್ಟು ಚೆನ್ನಾಗಿ ಕ್ಲೀನ್ ಮಾಡುವವರು ಯಾರೂ ಇಲ್ಲ."

ಟ್ರಕ್ಕು ಫ್ರೀವೇ ಕಡೆ ಹೊರಟುಹೋಯಿತು. ವೀರಣ್ಣ ಎರಡು ಉದ್ದನೆಯ ಪೆಟ್ಟಿಗೆಗಳನ್ನು ಎರಡು ತೋಳಲ್ಲಿ ಹೊತ್ತು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಬಂಗಾರೆವ್ವ ಒಲೆಯ ಮೇಲಿನ ಪಾತ್ರೆಯ ತಳವನ್ನು ಚಮಚದಿಂದ ಕೆರೆಯುತ್ತಿದ್ದವಳು ತಿರುಗಿ ನೋಡಿದಳು.

"ಇವಕ್ಕೂ ಬಾಯಿ ಅದಾವೇನೋ ತಮ್ಮಾ? ಹೂರಣ ಇನ್ನೂ ಸ್ವಲ್ಪ ಉಳದೈತಿ."