ಮಾವನವರ ಪುರಾಣದ ಟೇಪು

ಇದನ್ನು ನನಗೆ ಮೊದಲು ಹೇಳಿದವರು ಹಾನಗಲ್ಲಿನಲ್ಲಿರುವ ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸಂಸಾರವೆಂದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ದೇವರ ಕೆಲಸಕ್ಕೆ ಕೈಹಾಕಿದಾಗ ತುಸು ಹೆಚ್ಚೇ ನಡೆಯುತ್ತವೆ. ಕೊನೆಯ ಪ್ರಸಂಗಕ್ಕೆ ಮಾತ್ರ ನಾನೇ ಸಾಕ್ಷಿ.

ನಮ್ಮಿಬ್ಬರ ಮಾವನವರು ಸವಣೂರಿನಲ್ಲಿ ಬಹಳ ಕಾಲ ಸಂಜೆಹೊತ್ತು ಪುರಾಣ ಹೇಳುತ್ತಿದ್ದರು. ಹುಬ್ಬಳ್ಳಿಯ ಭಕ್ತರೊಬ್ಬರು ಅದನ್ನೆಲ್ಲ ಧ್ವನಿಮುದ್ರಿಸಿಕೊಂಡು ಕಂಪ್ಯೂಟರಿನ ಒಂದು ಟೇಪಿನಲ್ಲಿ ತುಂಬಿಟ್ಟಿದ್ದರು. ಅಂಗೈಯಗಲದ ಚೌಕ ಡಬ್ಬಿ ಅದು. ಬೇರೆ ಪ್ರತಿ ಎಲ್ಲಿಯೂ ಇಲ್ಲ. ಮಾವನವರು ತೀರಿಕೊಂಡ ಮೇಲೆ ಆ ಭಕ್ತರು ಟೇಪನ್ನೂ ಅದನ್ನು ಓದುವ ಯಂತ್ರವನ್ನೂ ತಂದು ಹಾನಗಲ್ಲಿನ ಮನೆಗೆ ಒಪ್ಪಿಸಿ ಹೋದರು. ಅತ್ತೆಯವರು ಈಗ ಇರುವುದು ಅಲ್ಲಿಯೇ. ಅವರು ಕೇಳಿದ್ದು ಒಂದೇ ಮಾತು.

"ಊರೆಲ್ಲಾ ಅವರ ಪುರಾಣ ಕೇಳೇದ. ನಾ ಒಂದಿನಾನೂ ಪೂರಾ ಕೇಳಲಿಲ್ಲ. ಅವರು ಹೊರಗ ಹೇಳೂ ಹೊತ್ತಿಗೆ ನಾ ಒಳಗ ಪ್ರಸಾದದ ಹುಗ್ಗಿ ತಿರುವಿಕೋತ ನಿಂತಿರತಿದ್ದೆ. ಅವರ ವರ್ಷಾಂತಿಕದ ತಿಥಿ ಬರೂದ್ರೊಳಗ ಒಮ್ಮೆ ಕುಂತು ಕೇಳಬೇಕು."

ಷಡ್ಡಕರ ಕಂಪ್ಯೂಟರ್ ಲಿನಕ್ಸಿನದು. ಟೇಪಿನೊಳಗೆ ಏನೇನಿದೆ ಎಂದು ತೆರೆದು ತೋರಿಸುವ ತಂತ್ರಾಂಶವನ್ನು ಅದರಲ್ಲಿ ಕೂಡಿಸಬೇಕಿತ್ತು. ಶಿಗ್ಗಾಂವಿಯಿಂದ ಕಂಪ್ಯೂಟರ್ ರಿಪೇರಿಯವರೊಬ್ಬರನ್ನು ಕರೆಸಿದರು.

ಮಡಿ

ಟೇಪು ಇದ್ದದ್ದು ದೇವರ ಮನೆಯಲ್ಲಿ, ಮಾವನವರ ಪುಸ್ತಕಗಳ ಪಕ್ಕದಲ್ಲಿ. ಮಡಿಯಿಲ್ಲದೆ ಅದನ್ನು ಮುಟ್ಟಲು ಅತ್ತೆಯವರು ಒಪ್ಪಲಿಲ್ಲ. ಷಡ್ಡಕರು ತಣ್ಣೀರು ಸುರಿದುಕೊಂಡು, ಒದ್ದೆ ಧೋತರದಲ್ಲಿಯೇ, ತಲೆಯಿಂದ ನೀರು ಸೋರುತ್ತಿರುವಾಗ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

ಶಿಗ್ಗಾಂವಿಯವರು ಕುರ್ಚಿ ಬಿಟ್ಟು ಜಿಗಿದೆದ್ದರು. "ಅಲ್ಲೇ ನಿಲ್ರಿ ಸರ! ಒಂದ ಹನಿ ಒಳಗ ಹೋದ್ರ ಪುರಾಣ ಮುಗೀತು!"

"ಮಡೀಲೆ ತರಬೇಕಲ್ಲಪಾ."

"ಇದರ ಮಡಿ ಬ್ಯಾರೆ ಐತ್ರಿ. ಕೈ ಒಣಗಿರಬೇಕು, ಉಟ್ಟ ಅರಬಿ ಒಣಗಿರಬೇಕು."

ಅತ್ತೆಯವರು ಒಳಗಿನಿಂದಲೇ ಇತ್ಯರ್ಥ ಮಾಡಿದರು. "ಹಂಗಾದ್ರ ಮೈ ಒರಸಿಕೊಂಡು ರೇಷ್ಮಿ ಮುಕಟಾ ಉಟಗೊಂಡು ಬರ್ರಿ. ಅದು ಒಣಗೇ ಇರತದ."

ಸ್ವಲ್ಪ ಹೊತ್ತಿಗೆ ಕೊರಿಯರಿನವನು ಬಂದ. ರೇಷ್ಮೆಯುಟ್ಟು, ಮುದ್ರೆ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೈಮುಗಿದು ಕೂತ ಯಜಮಾನರನ್ನು ನೋಡಿ, "ಪೂಜಿ ಮುಗದ ಮ್ಯಾಲೆ ಬರ್ತೇನ್ರಿ" ಎಂದು ಮೆಲ್ಲಗೆ ಚಪ್ಪಲಿ ಮೆಟ್ಟಿ ಹೋದನಂತೆ.

ಬಳಗ

ತಂತ್ರಾಂಶ ಕೂಡಿಸಲು ಹೋದರೆ ಕಂಪ್ಯೂಟರ್ ಇನ್ನೊಂದನ್ನು ಕೇಳಿತು. ಅದನ್ನು ಇಳಿಸಿಕೊಂಡರೆ ಅದು ಮತ್ತೊಂದನ್ನು ಕೇಳಿತು. ಪರದೆಯ ಮೇಲೆ ಸಾಲುಗಳು ಏರುತ್ತಲೇ ಇದ್ದವು. ಅತ್ತೆಯವರು ಹಚ್ಚಿದ ಅವಲಕ್ಕಿಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮುಗೀತೇನಪಾ?"

"ಇಲ್ರೀ ಅವ್ವಾರ. ಇದು ಬರಬೇಕಂದ್ರ ಇದರ ಜೋಡಿ ಅದೂ ಬರಬೇಕಂತ. ಅದನ್ನ ಕರದ್ರ, ಮತ್ತೊಂದು ಬರದ ನಾ ಬರಂಗಿಲ್ಲ ಅನ್ನಾಕತ್ತೈತಿ."

ಅತ್ತೆಯವರು ಗಂಭೀರವಾಗಿ ತಲೆದೂಗಿದರು. "ಮದವಿ ಕರೀಲಿಕ್ಕೆ ಹೋದಾಗ ಇಂಥಾ ಮನಿ ಒಂದರೆ ಇರತದ. ಒಟ್ಟ ಎಷ್ಟ ಮಂದಿ ಆಗತಾರ ಹೇಳು. ಅವಲಕ್ಕಿ ಇನ್ನಷ್ಟು ಹಚ್ಚತೇನಿ."

ಉಪಚಾರ

ಅಂತೂ ಎಲ್ಲವೂ ಬಂದು ಕೂತವು. ಶಿಗ್ಗಾಂವಿಯವರು ಕೈಕಾಲು ತೊಳೆದುಕೊಂಡು ಊಟಕ್ಕೆ ಹೋದರು. ಷಡ್ಡಕರಿಗೆ ತಡೆಯಲಾಗಲಿಲ್ಲ. ಟೇಪನ್ನು ಯಂತ್ರದ ಬಾಯಿಗೆ ಕೊಟ್ಟು, ತಾವೇ ಸೂಚನೆಗಳನ್ನು ಓದಿದರು. ಬಳಸುವ ಮೊದಲು ಟೇಪನ್ನು ಸಿದ್ಧಮಾಡಬೇಕು ಎಂದಿತ್ತು. ಅದು ಹೊಸ ಟೇಪಿಗೆ ಹೇಳಿದ ಮಾತು. ತುಂಬಿದ ಟೇಪನ್ನು ಸಿದ್ಧಮಾಡುವುದೆಂದರೆ ಒಳಗಿದ್ದದ್ದನ್ನೆಲ್ಲ ಅಳಿಸುವುದು. ಷಡ್ಡಕರಾದರೋ ತೊಳೆದಿಟ್ಟ ತಂಬಿಗೆಯನ್ನು ಇನ್ನೊಮ್ಮೆ ತೊಳೆಯದೆ ನೀರು ತುಂಬುವವರಲ್ಲ. ಆದೇಶ ಕೊಟ್ಟೇಬಿಟ್ಟರು.

ಯಂತ್ರ ಬೇಡವೆಂದಿತು. ಇದರಲ್ಲಿ ಆಗಲೇ ಸಾಮಾನಿದೆ, ಮಾಡಲೇಬೇಕೆಂದರೆ ಒತ್ತಾಯದ ಪದ ಸೇರಿಸಿ ಕೊಡು ಎಂದಿತು.

ನಮ್ಮ ಪಂಕ್ತಿಯಲ್ಲಿ ಒಮ್ಮೆ ಬೇಡವೆಂದವರನ್ನು ಯಾರೂ ಬಿಡುವುದಿಲ್ಲ. ಎಲೆಗೆ ಅಡ್ಡ ಕೈ ಹಿಡಿದವರಿಗೇ ಹೋಳಿಗೆ ಹೆಚ್ಚು ಬೀಳುವುದು. ಯಂತ್ರ ಸಂಕೋಚಪಡುತ್ತಿದೆ ಎಂದುಕೊಂಡು ಷಡ್ಡಕರು ಒತ್ತಾಯವನ್ನೂ ಸೇರಿಸಿ ಗುಂಡಿ ಒತ್ತಿದರು.

ಬಾಯಿ ಒರೆಸಿಕೊಳ್ಳುತ್ತ ಬಂದ ಶಿಗ್ಗಾಂವಿಯವರು ಪರದೆ ನೋಡಿ ನೆಲದ ಮೇಲೆ ಕುಸಿದು ಕೂತರು. "ಏನ ಮಾಡಿದ್ರಿ ಸರ?"

"ಉಪಚಾರ ಮಾಡಿದೆನಪಾ."

"ಪುರಾಣೆಲ್ಲಾ ಅಳಿಸಾಕ ಹೇಳೀರಲ್ರೀ!"

ಷಡ್ಡಕರು ಅಡುಗೆಮನೆಯ ಕಡೆ ತಿರುಗಿದರು. ಒಳಗೆ ಅತ್ತೆಯವರು ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು. ಅವರಿಗೆ ಹೇಗೆ ಹೇಳುವುದು? ಅಷ್ಟರಲ್ಲಿ ಶಿಗ್ಗಾಂವಿಯವರು ಕೊನೆಯ ಸಾಲು ಓದಿ ಎದ್ದು ನಿಂತರು. "ಉಳೀತ್ರಿ! ಟೇಪಿನ ಚಿಲಕಾ ಹಾಕೈತಿ. ಅದನ್ನ ಸರಿಸಿ ಮುಚ್ಚಿದ್ರ ಅಳಿಸಾಕ ಬರಂಗಿಲ್ಲ. ಯಾರ ಹಾಕಿದ್ರಿ?"

"ನಾನ" ಎಂದರು ಅತ್ತೆಯವರು, ಸೆರಗಿಗೆ ಕೈ ಒರೆಸುತ್ತ ಬಂದು. "ದೇವರ ಮನ್ಯಾಗ ಇಡೂಮುಂದ ಸಣ್ಣ ಕಿಂಡಿ ತೆರದಂಗ ಕಂಡಿತು. ಇರಿವಿ ಹೊಕ್ಕಾವು ಅಂತ ಸರಿಸಿ ಮುಚ್ಚಿದೆ. ಅವರು ಇದ್ದಾಗರೆ ಯಾವ ಡಬ್ಬಿ ಮುಚ್ಚಿದ್ರು?"

ಇದನ್ನು ನಾನು ಹರಿಯ ಕೃಪೆಯೆಂದೇ ನಂಬಿದ್ದೇನೆ. ಷಡ್ಡಕರು ಇರುವೆಗಳನ್ನೂ ಸೇರಿಸುತ್ತಾರೆ.

ಪುರಾಣ

ಟೇಪು ಕೇಳಲು ಸಿದ್ಧವಾಯಿತೆಂಬ ಸುದ್ದಿ ಬಂದೊಡನೆ ನಾನೂ ನನ್ನ ಹೆಂಡತಿಯೂ ಮಾಸೂರಿನಿಂದ ಬಸ್ಸು ಹತ್ತಿ ಹಾನಗಲ್ಲಿಗೆ ಹೋದೆವು. ಅಂದು ಹೆಣ್ಣುಮಕ್ಕಳಿಬ್ಬರೂ ತಾಯಿಯನ್ನು ಅಡುಗೆಮನೆಗೆ ಬಿಡಲಿಲ್ಲ. "ನೀ ಹೊರಗ ಕುಂತು ಕೇಳವ್ವಾ" ಎಂದು ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕೂಡಿಸಿದರು. ಶಿಗ್ಗಾಂವಿಯವರು ಟೇಪು ತೆರೆದರು. ಮೊದಲು ಒಂದು ಕೆಮ್ಮು. ಆಮೇಲೆ ಮಾವನವರ ಧ್ವನಿ, ಇಲ್ಲಿಯೇ ಕೂತು ಹೇಳಿದ ಹಾಗೆ. ಅತ್ತೆಯವರು ಕಣ್ಣು ಮುಚ್ಚಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

ಧ್ರುವ ತಪಸ್ಸಿಗೆ ಹೊರಡುವಲ್ಲಿ ಮಾವನವರು ತಟಕ್ಕನೆ ನಿಂತರು. "ತಡೀರಿ. ಒಳಗ ಏನೋ ಹೊತ್ತಿದ ವಾಸನಿ ಬರ್ಲಿಕ್ಕತ್ತದ. ಏ ಇವಳ, ಹುಗ್ಗಿ ತಳಾ ಹಿಡೀತೇನು ನೋಡು!"

ಅತ್ತೆಯವರು ದಡಬಡಿಸಿ ಎದ್ದು ಅಡುಗೆಮನೆಗೆ ಓಡಿದರು.

ಒಲೆಯ ಮೇಲೆ ಏನೂ ಇರಲಿಲ್ಲ. ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತರು. ನಮ್ಮನ್ನು ನೋಡಲಿಲ್ಲ, ಕಂಪ್ಯೂಟರನ್ನು ನೋಡಿದರು.

"ಅವತ್ತೂ ಹೊತ್ತಿದ್ದಿಲ್ಲ. ಬಾಜೂ ಮನಿಯವರದು ಹೊತ್ತಿತ್ತು. ಹೇಳಬೇಕಂತ ಹೊರಗ ಬರೂದ್ರಾಗ ನೀವು ಪುರಾಣ ಸುರು ಮಾಡಿಬಿಟ್ಟಿದ್ರಿ."

ಶಿಗ್ಗಾಂವಿಯವರು ಆಗಲೇ ಟೇಪು ನಿಲ್ಲಿಸಿದ್ದರು. ಮಾವನವರು ಮೊದಲ ಸಲ, ಅತ್ತೆಯವರ ಮಾತು ಮುಗಿಯುವ ತನಕ ಸುಮ್ಮನೆ ಕಾದರು. ಅತ್ತೆಯವರು ಸೌಟು ಪಕ್ಕದಲ್ಲಿಟ್ಟು, ಚಾಪೆಯ ಮೇಲೆ ಕೂತು, "ಹೂಂ, ಇನ್ನ ಹೇಳ್ರಿ" ಎಂದರು.

ಓದಿದವರು ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಹೇಳಿರಿ. ಹೇಳುವಾಗ ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿರಿ.